ಗುಂಡಿನ ಅಕ್ಕೋರು

ಅಕ್ಕೋರ ಬಲಗೈಯಲ್ಲಿ ಉಳಿದಿದ್ದು ಎರಡೇ ಬೆರಳು, ಹೆಬ್ಬೆರಳು ಮತ್ತು ಅದರ ಪಕ್ಕದ್ದು. ಉಳಿದ ಮೂರರ ಜಾಗದಲ್ಲಿ ಚರ್ಮ ಬಿಗಿದು, ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಅವರನ್ನು ಕಡೆಗಾಲದಲ್ಲಿ ಕಂಡವರಿಗೆ ಮೊದಲು ನೆನಪಾಗುವುದು ಆ ಕೈಯೇ. ನಾನು ಆ ಕೈಗೆ ಐದೂ ಬೆರಳಿದ್ದ ಕಾಲದಿಂದ ಅವರನ್ನು ಬಲ್ಲೆ. ಆಗ ಅದು ಮುಷ್ಟಿ ಕಟ್ಟಿ ಕ್ಲಾಸಿನ ಮರದ ಕಪಾಟನ್ನು ಗುದ್ದಿದರೆ ಹಿಂದಿನ ಬೆಂಚಿನವರೂ ಬೆಚ್ಚಿಬೀಳುತ್ತಿದ್ದರು. ಕಪಾಟು ಅವರ ಪಾಲಿಗೆ ತೋಪು.

"ಢಂ! ಬಿತ್ತು ನೋಡ್ರಿ ಗುಂಡು, ಕೆಳಗಿನ ಕೋಟಿ ಗ್ವಾಡಿ ಮ್ಯಾಲೆ!"

ನಮ್ಮದು ಕೊಪ್ಪಳದ ಕೋಟೆಗುಡ್ಡ ಕಿಟಕಿಯಲ್ಲೇ ಕಾಣುವ ಹಳ್ಳಿಯ ಸರಕಾರಿ ಹೈಸ್ಕೂಲು. ಅಕ್ಕೋರು ನಮಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಎತ್ತರದ ಆಳು, ದೊಡ್ಡ ದನಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಪಾಠ ಶುರುವಾಯಿತೆಂದೇ ಅರ್ಥ. ಮದುವೆ ಮಾಡಿಕೊಂಡಿರಲಿಲ್ಲ. ಯಾರಾದರೂ ಕೇಳಿದರೆ, "ನನಗ ಸಂಬಂಧ ಬಂದಾವೆಲ್ಲ ಮುತ್ತಿಗಿ ಹಾಕಿ ಹಾಕಿ ಸೋತು ಹೋದವು" ಎಂದು ತಾವೇ ನಗುತ್ತಿದ್ದರು.

ಪುಸ್ತಕದಲ್ಲಿ ನಮ್ಮ ಗುಡ್ಡದ ಬಗ್ಗೆ ಹೆಚ್ಚೇನೂ ಇರಲಿಲ್ಲ. ಅವರಿಗೆ ಅದೇ ಸಿಟ್ಟು. "ದಿಲ್ಲಿ ಕೋಟಿ ಬಾಯಿಪಾಠ ಮಾಡ್ತೀರಿ, ಕಿಟಕ್ಯಾಗ ಕಾಣೋ ಕೋಟಿ ಗೊತ್ತಿಲ್ಲಂದ್ರ ಹೆಂಗ?" ಎಂದು ಪುಸ್ತಕ ಮುಚ್ಚಿಡುತ್ತಿದ್ದರು. ಆಮೇಲೆ ಕೃಷ್ಣೆ, ತುಂಗಭದ್ರೆಗಳನ್ನು ಬೋರ್ಡಿನ ಮೇಲೆ ಎಳೆದು ನಡುವೆ ಒಂದು ಚುಕ್ಕೆ ಇಡುತ್ತಿದ್ದರು. ಅದು ನಾವು. "ಎರಡು ಹೊಳಿ ನಡುವಿನ ಈ ನೆಲ ಅಂದ್ರ ಬಿಸಿ ರೊಟ್ಟಿ ಇದ್ದಂಗ. ಒಬ್ಬನ ತಾಟಿನ್ಯಾಗ ಬಿದ್ರ ಇನ್ನೊಬ್ಬನ ಕೈ ಸುಮ್ಮನ ಇರತಿರಲಿಲ್ಲ." ವಿಜಯನಗರದವರು, ಬಹಮನಿಗಳು, ಬಿಜಾಪುರದವರು, ಮರಾಠರು ಒಬ್ಬರ ಹಿಂದೊಬ್ಬರು ಬಂದುಹೋಗುತ್ತಿದ್ದರು. ಕೊನೆಗೆ ಬರುತ್ತಿದ್ದುದು ಅವರ ಪ್ರಾಣದಂಥ ಕತೆ. ಗುಡ್ಡದ ಮೇಲೆ ಮೈಸೂರಿನ ಸುಲ್ತಾನನ ದಂಡು, ಕೆಳಗೆ ಸುತ್ತುವರಿದ ನಿಜಾಮನ ದಂಡು, ಅವನ ಜೊತೆಗೆ ಇಂಗ್ಲಿಷರ ಕಂಪನಿಯ ತೋಪುಗಳು. ತಿಂಗಳುಗಟ್ಟಲೆ ಹೊಡೆದರೂ ಕೋಟೆ ಮಣಿಯಲಿಲ್ಲ. ಕಡೆಗೆ ಬೆಂಗಳೂರೇ ಬಿತ್ತೆಂಬ ಸುದ್ದಿ ಮುಟ್ಟಿದ ಮೇಲೆ ಒಳಗಿನವರು ಬಾಗಿಲು ತೆರೆದರು.

ಈ ಕತೆಯನ್ನು ಅವರು ಹೇಳುತ್ತಿರಲಿಲ್ಲ, ಆಡಿಸುತ್ತಿದ್ದರು. ಬೆಂಚುಗಳನ್ನು ಒಂದರ ಮೇಲೊಂದು ಒಟ್ಟಿ ಕೋಟೆ ಮಾಡಿ, ಅರ್ಧ ಕ್ಲಾಸನ್ನು ಒಳಗೆ, ಅರ್ಧವನ್ನು ಹೊರಗೆ ನಿಲ್ಲಿಸುತ್ತಿದ್ದರು. ಒಳಗಿನವರ ಊಟದ ಡಬ್ಬಿಗಳೆಲ್ಲ ಹೊರಗಿನವರ ವಶ. ನಮ್ಮ ಕ್ಲಾಸಿನಲ್ಲಿ ಕೋಟೆಯೊಳಗಿನ ಸರದಾರನಾಗಿದ್ದವನು ಗಿಣಿಗೇರಾದಿಂದ ಸೈಕಲ್ ತುಳಿದು ಬರುತ್ತಿದ್ದ ಒಬ್ಬ ಹುಡುಗ. ಊಟದ ಗಂಟೆ ಹೊಡೆಯಿತು, ನಾವು ಹೊರಗಿನವರು ಅವನೆದುರೇ ಅವನ ಡಬ್ಬಿ ಬಿಚ್ಚಿ ಚಪಾತಿ ಮುರಿದೆವು. ಅವನು ತುಟಿ ಬಿಗಿದು ನಿಂತೇ ಇದ್ದ. "ಶರಣಾಗ್ತಿಯೇನೋ?" ಎಂದರು ಅಕ್ಕೋರು.

"ಇಲ್ರಿ ಅಕ್ಕೋರ. ಬೆಂಗಳೂರು ಬೀಳೋತನ ಇಲ್ಲ."

ಅಕ್ಕೋರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆ ದಿನ ತಮ್ಮ ಡಬ್ಬಿಯನ್ನೇ ಅವನಿಗೆ ಕೊಟ್ಟರು.

ಮುಂದೆ ನಾನು ನರ್ಸಿಂಗ್ ಓದಿ ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದೆ, ಮದುವೆಯಾದೆ. ಆ ಹುಡುಗ ಐಟಿಐ ಮುಗಿಸಿ ಗಿಣಿಗೇರಾದಲ್ಲಿ ವೆಲ್ಡಿಂಗ್ ಅಂಗಡಿ ಹಾಕಿದ. ಗೇಟು, ಕಿಟಕಿ ಗ್ರಿಲ್ಲು, ಟ್ರ್ಯಾಲಿ ರಿಪೇರಿ ಎಂದು ಕೈತುಂಬ ಕೆಲಸವಿತ್ತು. ಮನೆಯಲ್ಲಿ ತಾಯಿ ಒಬ್ಬಳೇ. ಅಕ್ಕೋರು ಅದೇ ಶಾಲೆಯಲ್ಲಿದ್ದರು. ಸಂತೆಯಲ್ಲಿ ಸಿಕ್ಕರೆ, "ಏನವಾ, ಆರಾಮ ಅದಿಯಾ? ಸೂಜಿ ಚುಚ್ಚೋದರಾಗ ನಿನ್ನ ಕೈ ಭಾಳ ಹಗುರಂತ ಕೇಳೇನಿ" ಎಂದು ಬೆನ್ನು ತಟ್ಟುತ್ತಿದ್ದರು.

ಅದೊಂದು ಮಧ್ಯಾಹ್ನ ನಾನು ತುರ್ತು ವಿಭಾಗದಲ್ಲಿದ್ದೆ. ಗಿಣಿಗೇರಾದಲ್ಲಿ ಏನೋ ಸಿಡಿದಿದೆ ಎಂದು ಫೋನು ಬಂತು. ಗ್ಯಾಸ್ ಸಿಲಿಂಡರ್ ಇರಬೇಕೆಂದು ಎಲ್ಲ ಸಿದ್ಧ ಮಾಡಿಕೊಂಡೆವು. ಆಂಬುಲೆನ್ಸಿನಿಂದ ಇಳಿಸಿದ ಹೆಂಗಸಿನ ಮುಖವೆಲ್ಲ ಮಸಿ. ಬಲಗೈಗೆ ಸುತ್ತಿದ್ದ ಟವೆಲ್ಲು ತೊಯ್ದು ತೊಟ್ಟಿಕ್ಕುತ್ತಿತ್ತು. ನಾನು ಟವೆಲ್ಲು ಬಿಚ್ಚಿದೆ. ಮೂರು ಬೆರಳು ಇರಲಿಲ್ಲ. ಗಾಯ ತೊಳೆಯುತ್ತಿರುವಾಗ ಆ ಹೆಂಗಸು ನನ್ನ ಹೆಸರು ಹಿಡಿದು ಕರೆದಳು.

ದನಿ ಕೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು. ನನ್ನ ಕೈಯಲ್ಲಿದ್ದ ಬಟ್ಟಲು ಕೆಳಗೆ ಬಿತ್ತು. ಆ ಕೆಲಸದಲ್ಲಿ ಅದಕ್ಕೆ ಮುಂಚೆ ಎಂದೂ ಹಾಗಾಗಿರಲಿಲ್ಲ.

"ಹುಡುಗ ಹೆಂಗದಾನ?" ಎಂದು ಕೇಳಿದರು. "ವೆಲ್ಡಿಂಗ್ ಅಂಗಡಿ ಹುಡುಗ. ನಿಮ್ಮ ಕ್ಲಾಸಿನಾವ. ಕರಕೊಂಡ ಬಂದಾರೇನು?"

ಅವನನ್ನು ಕರೆದುಕೊಂಡು ಬಂದಿರಲಿಲ್ಲ. ಅಂಗಡಿಯಲ್ಲೇ ಎಲ್ಲ ಮುಗಿದುಹೋಗಿತ್ತು. ಆಂಬುಲೆನ್ಸಿನವನು ನನಗೆ ಕಣ್ಣಲ್ಲೇ ಅದನ್ನು ಹೇಳಿದ. ನಾನು ಬೇರೆ ಬಟ್ಟಲು ತಂದು ಮತ್ತೆ ಗಾಯ ತೊಳೆಯತೊಡಗಿದೆ. ಅಕ್ಕೋರು ನನ್ನ ಮುಖ ನೋಡಿ, ಮತ್ತೆ ಕೇಳಲಿಲ್ಲ.

ನಡೆದದ್ದು ಏನೆಂದು ಗೊತ್ತಾಗಿದ್ದು ಹವಾಲ್ದಾರರು ಹೇಳಿಕೆ ಬರೆದುಕೊಳ್ಳಲು ಬಂದಾಗ. ಕೋಟೆಗುಡ್ಡದ ಬುಡದ ಹೊಲವೊಂದರಲ್ಲಿ ಜೆಸಿಬಿ ಹಚ್ಚಿ ಕೃಷಿಹೊಂಡ ತೋಡುವಾಗ ಒಂದು ಕಬ್ಬಿಣದ ಗುಂಡು ಸಿಕ್ಕಿತ್ತು. ಹೊಲದವರು ಅದನ್ನು ಶಾಲೆಗೆ ತಂದುಕೊಟ್ಟಿದ್ದರು. ಅಕ್ಕೋರು ತುಕ್ಕು ತೆಗೆಸಿ, ಒಂದು ಸ್ಟ್ಯಾಂಡು ಮಾಡಿಸಿ ಶಾಲೆಯ ಪ್ರದರ್ಶನಕ್ಕೆ ಇಡಬೇಕೆಂದು ತಮ್ಮ ಹಳೆಯ ಶಿಷ್ಯನ ಅಂಗಡಿಗೆ ಒಯ್ದಿದ್ದರು.

ಹವಾಲ್ದಾರರು ಕುರ್ಚಿ ಎಳೆದುಕೊಂಡು ಕೂತರು. "ಅಕ್ಕೋರ, ಬಾಂಬ್ ಯಾರು ಮಾಡಿದ್ದ್ರೀ?"

"ಗೊತ್ತಿಲ್ಲಪಾ. ಕಂಪನಿಯವರದ ಇರಬೇಕು. ಇಲ್ಲಾಂದ್ರ ನಿಜಾಮನ ಕಡೆಯವರದು."

"ಯಾವ ಕಂಪನಿ? ಇಲ್ಲಿ ಸ್ಟೀಲ್ ಕಂಪನೀನ?"

"ಇಂಗ್ಲಿಷರ ಕಂಪನಿ. ಕೋಟಿಗೆ ಮುತ್ತಿಗಿ ಹಾಕಿದ್ರಲ್ಲ, ಆವಾಗ ಹೊಡದಿದ್ದು."

ಹವಾಲ್ದಾರರ ಪೆನ್ನು ನಿಂತಿತು. ಅವರು ನನ್ನ ಕಡೆ ವಾಲಿ ಮೆಲ್ಲಗೆ, "ಸಿಸ್ಟರ್, ಇವರ ತಲೀಗೂ ಪೆಟ್ಟ ಬಿದ್ದೈತೇನು?" ಎಂದರು.

ತಲೆಗೆ ಏನೂ ಆಗಿರಲಿಲ್ಲ. ಎಡಗಿವಿಯೊಂದು ಪೂರ್ತಿ ಹೋಗಿತ್ತು. ಆಮೇಲೆ ಗುಂಡಿನ ಚೂರುಗಳನ್ನು ಪರೀಕ್ಷೆ ಮಾಡಿದವರು ಅಕ್ಕೋರ ಮಾತೇ ನಿಜವೆಂದರು. ಕೋಟೆಗೆ ಹೊಡೆದ ಗುಂಡುಗಳಲ್ಲಿ ಹೆಚ್ಚಿನವು ಗಟ್ಟಿ ಕಲ್ಲಿನವು, ಗಟ್ಟಿ ಕಬ್ಬಿಣದವು. ಕೆಲವು ಮಾತ್ರ ಟೊಳ್ಳು. ಅವುಗಳ ಹೊಟ್ಟೆಯಲ್ಲಿ ಮದ್ದು ತುಂಬಿ, ಮೇಲಿನ ತೂತಿಗೆ ಬತ್ತಿ ಸಿಕ್ಕಿಸಿ ಹಾರಿಸುತ್ತಿದ್ದರಂತೆ. ಇದು ಬಿದ್ದಾಗ ಸಿಡಿದಿರಲಿಲ್ಲ. ಮಣ್ಣಿನಡಿ ಎರಡು ಶತಮಾನಕ್ಕೂ ಮಿಕ್ಕಿ ಮಲಗಿತ್ತು. ಅದನ್ನು ಹಾರಿಸಿದವನು, ಹಾರಿಸು ಎಂದವನು, ಅವನಿಗೆ ಅಪ್ಪಣೆ ಕೊಟ್ಟ ದೊರೆ, ಆ ದೊರೆಯ ಮೊಮ್ಮಕ್ಕಳು ಎಲ್ಲರೂ ಸತ್ತು ಮಣ್ಣಾದ ಮೇಲೆ ಅದು ನನ್ನ ಜೊತೆ ಓದಿದವನನ್ನು ಕೊಂದಿತ್ತು. ಪೊಲೀಸರಿಂದ ಕೇಳಿ ತಿಳಿದಿದ್ದ ಡಾಕ್ಟರು ಇದನ್ನು ನನಗೆ ವಿವರಿಸುವಾಗ ನಾನು "ಹೂಂ, ಹೂಂ" ಎನ್ನುತ್ತಿದ್ದೆ, ತಲೆಯೊಳಗೆ ಏನೂ ಇಳಿಯುತ್ತಿರಲಿಲ್ಲ.

ಒಂದು ದಿನ ಡ್ರೆಸ್ಸಿಂಗ್ ಮಾಡುವಾಗ ಅಕ್ಕೋರೇ ಬಾಯಿಬಿಟ್ಟರು. "ಅವ ತುಕ್ಕು ತಗದು ಬಡದು ನೋಡಿದ. 'ಒಳಗ ಟೊಳ್ಳ ಐತ್ರಿ ಅಕ್ಕೋರ, ಕೇಳ್ರಿ' ಅಂದ. 'ಕೊಯ್ದು ಎರಡು ಹೋಳು ಮಾಡಲೇನ್ರಿ, ಹುಡುಗರಿಗೆ ಒಳಗಿಂದೂ ಕಾಣ್ತೈತಿ' ಅಂದ. ನಾನು ಹೂಂ ಅಂದೆ. ಫೋನ್ ಬಂತಂತ ಹೊರಗ ಬಂದು ಬಾಗಿಲ ಚೌಕಟ್ಟಿಗೆ ಕೈ ಹಚ್ಚಿ ನಿಂತೆ. ಅವ ಗ್ರೈಂಡರ್ ಚಾಲೂ ಮಾಡಿದ."

ಅವರ ಮೈ ಗೋಡೆಯ ಹಿಂದಿತ್ತು. ಒಳಗಿದ್ದದ್ದು ಆ ಬೆರಳುಗಳು ಮಾತ್ರ.

"ಹೂಂ ಅಂದೆ" ಎಂದು ಇನ್ನೊಮ್ಮೆ ಹೇಳಿದರು. ನಾನು ಬ್ಯಾಂಡೇಜು ಸುತ್ತಿದೆ.

ಮಗನ ದಿನಕರ್ಮ ಮುಗಿದ ಮೇಲೆ ಅವನ ತಾಯಿ ವಾರ್ಡಿಗೆ ಬಂದಳು. ಅವಳು ಬಾಗಿಲಲ್ಲಿ ಕಂಡ ಕೂಡಲೇ ಪಕ್ಕದ ಮಂಚದವರೂ ಮಾತು ನಿಲ್ಲಿಸಿದರು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಮಂಚದ ಹತ್ತಿರ ಸರಿದು ನಿಂತೆ. ಅವಳು ಅಕ್ಕೋರ ಕಾಲ ಬಳಿ ಕೂತಳು.

"ಅಕ್ಕೋರ, ಪೊಲೀಸ್ರು ಅಂದ್ರು, ಅದು ಹಿಂದಿನ ರಾಜರ ಲಡಾಯಿದಂತ. ಖರೇ ಏನ್ರಿ?"

"ಖರೇ ಐತವಾ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ಲೆಕ್ಕ ತಿಳಿಯದೆ ಕೇಳುವವರ ಮುಖ ಅದು.

"ಆ ಲಡಾಯಿದಾಗ ಯಾರು ಗೆದ್ರ್ರೀ?"

ನಮಗೆಲ್ಲ ಆ ಉತ್ತರ ಬಾಯಿಪಾಠ ಮಾಡಿಸಿದವರು ಅಕ್ಕೋರು. ಆ ತಾಯಿ ಉತ್ತರಕ್ಕಾಗಿ ಕಾದಳು. ಬರುವುದಿಲ್ಲವೆಂದು ಕಂಡಮೇಲೆ ಎದ್ದು, ಕಾಲಿನಿಂದ ಜಾರಿದ್ದ ಚಾದರವನ್ನು ಸರಿಯಾಗಿ ಹೊದಿಸಿ ಹೋದಳು.

ಅಕ್ಕೋರು ಶಾಲೆಗೆ ಹಿಂತಿರುಗಿದರು. ಪೊಲೀಸರು ಅದನ್ನು ಆಕಸ್ಮಿಕವೆಂದು ಬರೆದು ಮುಗಿಸಿದ್ದರು. ಯಾರೂ ಅವರನ್ನು ಬೈಯಲಿಲ್ಲ. ಅದೇ ಅವರಿಗೆ ತಡೆಯಲಾಗಲಿಲ್ಲವೆಂದು ನನಗನ್ನಿಸುತ್ತದೆ. ಬೆಂಚು ಒಟ್ಟಿ ಕೋಟೆ ಕಟ್ಟುವ ಆಟ ನಿಂತಿತು. ಸಂಜೆ ಬ್ಯಾಂಡೇಜು ಬದಲಿಸಲು ನಾನು ಅವರ ಮನೆಗೆ ಹೋಗುತ್ತಿದ್ದೆ. ಒಮ್ಮೆ ಹೇಳಿದರು: "ಇಷ್ಟು ವರ್ಷ ನಾನು ತೋಪಿನ ಹಿಂದ ನಿಂತು ಪಾಠ ಮಾಡಿದೆ ನೋಡವಾ. ಗುಂಡು ಎಷ್ಟು ದೂರ ಹೋತು, ಎಷ್ಟು ಜೋರ ಬಿತ್ತು, ಇದ ಹೇಳಿದೆ. ಬಿದ್ದ ಜಾಗದಾಗ ಯಾರು ಅಡಗಿ ಮಾಡ್ಲಿಕತ್ತಿದ್ರು ಅಂತ ಒಂದ ದಿವಸ ಕೇಳಲಿಲ್ಲ."

ರಜೆಯ ದಿನಗಳಲ್ಲಿ ಅವರು ಗುಡ್ಡದ ಸುತ್ತಲ ಹೊಲಗಳಿಗೆ ನಡೆದುಹೋಗತೊಡಗಿದರು. ಗಳೇ ಹೊಡೆದು ಹೊಲ ಉಳುವವರನ್ನು, ಟ್ರ್ಯಾಕ್ಟರಿನವರನ್ನು, ಕುರಿ ಕಾಯುವವರನ್ನು ನಿಲ್ಲಿಸಿ ಹೇಳುತ್ತಿದ್ದರು: "ದುಂಡನ ಕಬ್ಬಿಣ ಸಿಕ್ರ ಮುಟ್ಟಬ್ಯಾಡ್ರಿ, ಬಡೀಬ್ಯಾಡ್ರಿ, ಬೆಂಕಿ ಹತ್ರ ಒಯ್ಯಬ್ಯಾಡ್ರಿ. ಪೊಲೀಸ್ರಿಗೆ ಹೇಳ್ರಿ." ಹೇಳುವಾಗ ಬಲಗೈ ಎತ್ತಿ ತೋರಿಸುತ್ತಿದ್ದರು. ಎದುರಿಗೆ "ಹೂಂನ್ರಿ" ಎಂದವರು ಅವರು ಮರೆಯಾದ ಮೇಲೆ ನಗುತ್ತಿದ್ದರು. ಗುಂಡಿನ ಅಕ್ಕೋರು ಎಂಬ ಹೆಸರು ಬಿದ್ದದ್ದು ಆಗಲೇ. ಅಲ್ಲಿಂದ ಬಸ್ಸು ಹಿಡಿದು ಗಿಣಿಗೇರಾಕ್ಕೆ ಹೋಗುತ್ತಿದ್ದರು. ಆ ತಾಯಿ ಮೊದಮೊದಲು ಬಾಗಿಲು ತೆರೆಯಲಿಲ್ಲ. ಅಕ್ಕೋರು ಕಟ್ಟೆಯ ಮೇಲೆ ಕೂತು ಎದ್ದು ಬರುತ್ತಿದ್ದರು. ಒಂದು ಮಳೆಯ ದಿನ ಬಾಗಿಲು ತೆರೆಯಿತಂತೆ. "ತೊಯ್ಸಿಕೋತ ಯಾಕ ಕುಂತೀರಿ, ಒಳಗ ಬರ್ರಿ" ಎಂದಳಂತೆ. ಆಮೇಲಾಮೇಲೆ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದರು. ಎರಡು ಬೆರಳಲ್ಲಿ ಜೋಳದ ರೊಟ್ಟಿ ಮುರಿಯಲಾಗದ ಅಕ್ಕೋರಿಗೆ ಆ ತಾಯಿಯೇ ಮುರಿದು ತಾಟಿಗೆ ಹಾಕುತ್ತಿದ್ದಳು.

ನನ್ನ ಗಂಡನ ಮನೆಯ ಹೊಲವೂ ಆ ಗುಡ್ಡದ ಆಚೆ ಮಗ್ಗುಲಿಗೇ ಇದೆ. ಅಕ್ಕೋರು ನಿವೃತ್ತರಾದ ವರ್ಷ ಎಳ್ಳ ಅಮಾವಾಸ್ಯೆಗೆ ಅವರನ್ನು ಹೊಲದ ಊಟಕ್ಕೆ ಕರೆದೆ. ಅಂದು ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಪೈರಿಗೆ ಚರಗವೆಂದು ಚೆಲ್ಲಿ, ಆಮೇಲೆ ಊಟ. ನಮ್ಮ ಅತ್ತೆ ಬನ್ನಿ ಗಿಡದ ಬುಡದಲ್ಲಿ ಪಾಂಡವರನ್ನು ಸಾಲಾಗಿ ಕೂರಿಸಿದ್ದಳು. ಗಂಡಸರು ಬಂಡಿಯಿಂದ ಬುತ್ತಿ ಇಳಿಸುತ್ತಿದ್ದರು. ನಾನು ಅಕ್ಕೋರ ಜೊತೆ ಬದುವಿನ ಮೇಲೆ ನಡೆದು ಬರುತ್ತಿದ್ದೆ. ಐದು ವರ್ಷದ ನನ್ನ ಮಗಳು ಗಿಡದ ಕೆಳಗೆ ಅಜ್ಜಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಊದಿನಕಡ್ಡಿ ಹಚ್ಚುತ್ತಿದ್ದಳು. ಮನೆಯ ಸಣ್ಣ ಮಕ್ಕಳೇ ಕಡ್ಡಿ ಹಚ್ಚಬೇಕೆನ್ನುವುದು ಅತ್ತೆಯ ಪದ್ಧತಿ.

"ಭೀಮಗ ಹಚ್ಚು ಕೂಸ, ಅವನ ತೆಲಿಯಾಗ ತೂತೈತಿ ನೋಡು, ಅದರಾಗ ಸಿಗಸು" ಎಂದಳು ಅತ್ತೆ.

ಅಕ್ಕೋರು ನಿಂತುಬಿಟ್ಟರು. "ಏನಂದ್ರು?" ಎನ್ನುತ್ತ, ಕೇಳಿಸುವ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು.

"ಭೀಮನ ತಲ್ಯಾಗ ತೂತೈತಿ ಅಂದ್ರ್ರೀ" ಎಂದೆ ನಾನು ನಗುತ್ತ.

ಅವರು ಓಡಿದರು. ಆ ವಯಸ್ಸಿನ ಹೆಂಗಸು ಹಾಗೆ ಓಡುವುದನ್ನು ನಾನು ಕಂಡಿಲ್ಲ. ಜೋಳದ ಸಾಲು ಮುರಿಯುತ್ತ, ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದದ್ದನ್ನೂ ನೋಡದೆ, "ಮುಟ್ಟಬ್ಯಾಡ! ಮುಟ್ಟಬ್ಯಾಡ!" ಎಂದು ಕೂಗಿದರು. ಮಗಳು ಬೆದರಿ ಕೈಯಲ್ಲಿ ಹೊಗೆಯಾಡುವ ಕಡ್ಡಿಗಳನ್ನು ಹಿಡಿದು ಹಾಗೇ ಕೂತಳು. ಅಕ್ಕೋರು ಅವಳ ಕೈಯಿಂದ ಕಡ್ಡಿ ಕಿತ್ತು ಹಸಿ ಮಣ್ಣಿಗೆ ತುಳಿದರು. ಇನ್ನೊಂದು ಕಡ್ಡಿ ಆಗಲೇ ಆ ತೂತಿನಲ್ಲಿ ನಿಂತು ಉರಿಯುತ್ತಿತ್ತು. ಅದನ್ನು ಎರಡು ಬೆರಳಿಂದ ಮೆಲ್ಲಗೆ, ಕೂಸಿನ ಕಣ್ಣಿಂದ ಕಸ ತೆಗೆಯುವ ಹಾಗೆ, ಮೇಲಕ್ಕೆ ಎತ್ತಿದರು.

ಸುಣ್ಣದ ಅಡಿಯಲ್ಲಿ ಕೆಂಪು ತುಕ್ಕು ಕಾಣಿಸಿತು. ನಾವು ವರ್ಷ ವರ್ಷವೂ ಸುಣ್ಣ ಬಳಿದು ಕೂರಿಸಿದ ಭೀಮ ಕಲ್ಲೇ ಆಗಿರಲಿಲ್ಲ.

"ಎಲ್ಲಾರೂ ರಸ್ತೆಕ್ಕ ನಡೀರಿ. ಬುತ್ತಿ ಬಿಡ್ರಿ. ನಡೀರಿ!"

ಅತ್ತೆ ಕದಲಲಿಲ್ಲ. "ನಾ ಈ ಮನಿಗೆ ಸೊಸಿಯಾಗಿ ನಡೀಲಿಕ್ಕೆ ಬಂದಾಗಿಂದ ಇವಂಗ ಊದಿನಕಡ್ಡಿ ಹಚ್ಚೇನ್ರಿ. ನಮ್ಮತ್ತೀನೂ ಹಚ್ಚ್ಯಾಳ. ದೇವರಿಗೆ ಬಾಂಬ್ ಅಂತೀರಿ, ಬಾಯಾಗ ಹುಳಾ ಬಿದ್ದಾವು!"

ಅಕ್ಕೋರು ವಾದಿಸಲಿಲ್ಲ. ಅತ್ತೆಯ ಎದುರು ಆ ಮಣ್ಣಿನಲ್ಲೇ ಮೊಣಕಾಲೂರಿ ಕೂತರು. "ನಾನೂ ಹಿಂಗ ನಂಬಿದ್ದೆ ಯಕ್ಕಾ. ನನ್ನ ಶಾಣ್ಯಾತನ ನಂಬಿದ್ದೆ. ಒಬ್ಬ ಮಗನ್ನ ತಿಂತು. ನಿಮ್ಮ ಮೊಮ್ಮಗಳನ್ನ ಎತಗೊಂಡು ಹೋಗ್ರಿ. ನಂದು ಸುಳ್ಳಾದ್ರ ನಾಳೆ ನಾನ ಬಂದು ಭೀಮಗ ಎಣ್ಣಿ ಹಚ್ಚಿ ತಪ್ಪಾತು ಅಂತೀನಿ."

ಅತ್ತೆ ಮೊಮ್ಮಗಳನ್ನು ಎತ್ತಿಕೊಂಡಳು.

ನಾವು ರಸ್ತೆಯಲ್ಲಿ ನಿಂತೆವು. ಅಕ್ಕೋರು ಯಾರೂ ಹತ್ತಿರ ಹೋಗದಂತೆ ಹೊಲದ ಬದುವಿನಲ್ಲಿ ಕೂತು ಕಾದರು. ಪೊಲೀಸರು ಬಂದರು. ಅವರು ಕರೆಸಿದ ಬಾಂಬ್ ದಳದವರು ಸಂಜೆಯ ಹೊತ್ತಿಗೆ ಮುಟ್ಟಿದರು. ಭೀಮನನ್ನು ಮರಳಿನ ಚೀಲಗಳ ನಡುವೆ ಇಟ್ಟು ಹಾಳುಬಿದ್ದ ಕಲ್ಲಿನ ಕ್ವಾರಿಗೆ ಒಯ್ದರು. ದೂರದಿಂದ ಸದ್ದು ಕೇಳಿತು. ಗಿಡದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಹಿಂತಿರುಗಿ ಬಂದ ಅಧಿಕಾರಿಯ ಮುಖ ಬಿಳಿಚಿಕೊಂಡಿತ್ತು. "ಒಳಗ ಮದ್ದು ಇನ್ನೂ ಜೀವಂತ ಇತ್ರಿ. ನಾವು ಸಿಡಿಸಲಿಕ್ಕೆ ಇಟ್ಟ ಮದ್ದಿಗಿಂತ ಭಾಳ ಜೋರ ಸಿಡೀತು. ತೂತಿನ ಬಾಯಾಗ ಒಂದೀಟು ಮಣ್ಣು ಮೆತ್ತಿಕೊಂಡಿತ್ತಂತ ನೀವು ಉಳದೀರಿ."

ಅತ್ತೆ ರಸ್ತೆಯ ಮೇಲೆಯೇ ಕೂತುಬಿಟ್ಟಳು. ಎರಡೂ ಕೈಯನ್ನು ಮುಂದೆ ಚಾಚಿ ಅವುಗಳನ್ನೇ ನೋಡುತ್ತಿದ್ದಳು. ನನ್ನ ಗಂಡ ಮಗಳನ್ನು ಎದೆಗೊತ್ತಿಕೊಂಡು ಅತ್ತ ಇತ್ತ ಅಡ್ಡಾಡುತ್ತಿದ್ದ. ಅಕ್ಕೋರು ಜೋಳದ ಸಾಲಿನಲ್ಲಿ ಬಿದ್ದಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬಂದರು. ನಾನು ನೀರು ಕುಡಿಸಿದ ಮೇಲೆ ಅವರು ಅಂದದ್ದು ಒಂದೇ ಮಾತು: "ನನ್ನ ಗಿಣಿಗೇರಾಕ್ಕ ಬಿಟ್ಟ ಬರಲಿಕ್ಕೆ ಹೇಳವಾ ನಿನ್ನ ಗಂಡಗ. ಆಕಿಗೆ ಹೇಳಬೇಕು."

ಆ ರಾತ್ರಿ ಅವರು ಆ ತಾಯಿಯ ಮನೆಯಲ್ಲೇ ಉಳಿದರು. ಏನು ಹೇಳಿದರೋ, ಅವಳೇನು ಅಂದಳೋ, ನಾನು ಕೇಳಲಿಲ್ಲ.

ಅದಾದ ಮೇಲೆ ಊರಿನವರು ನಗುವುದನ್ನು ಬಿಟ್ಟರು. ಹೊಲದಲ್ಲಿ ದುಂಡನೆಯದೇನು ಸಿಕ್ಕರೂ ಅಕ್ಕೋರಿಗೆ ಫೋನು ಹೋಗುತ್ತಿತ್ತು. ಹೆಚ್ಚಿನವು ಗಟ್ಟಿ ಗುಂಡುಗಳೇ. ಒಂದು ಸಲ ಹಳೆಯ ಒರಳಕಲ್ಲು ಕೂಡ ಸಿಕ್ಕಿತ್ತು. ಆದರೂ ಅವರು ಹೋಗಿ ನೋಡಿ ಬರುತ್ತಿದ್ದರು. ಕಾಲಲ್ಲಿ ನೀರು ತುಂಬಿ, ನಡೆದರೆ ಏದುಸಿರು ಬರುವಷ್ಟು ಹೃದಯ ಸೋತ ಮೇಲೂ ಹೋದರು. ನಾನು ಬೈದರೆ, "ಇನ್ನ ಎಷ್ಟು ಮಲಗ್ಯಾವೋ ಏನೋ ಒಳಗ" ಎನ್ನುತ್ತಿದ್ದರು.

ಹೋದ ಶ್ರಾವಣದಲ್ಲಿ, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಅವರು ತೀರಿಕೊಂಡರು. ಹೆಣವನ್ನು ಮನೆಗೆ ತಂದು ನಮ್ಮ ಕಡೆಯ ಪದ್ಧತಿಯಂತೆ ಪಡಸಾಲೆಯಲ್ಲಿ ಕೂರಿಸಿದ್ದೆವು. ಅಂಗಳದ ತುಂಬ ಹಳೆಯ ವಿದ್ಯಾರ್ಥಿಗಳು, ಗುಡ್ಡದ ಸುತ್ತಲ ರೈತರು. ಗಿಣಿಗೇರಾದಿಂದ ಆ ತಾಯಿ ಬಂದಳು. ಬಹಳ ಬಾಗಿದ್ದಳು. ಅಕ್ಕೋರ ಪಕ್ಕ ಗೋಡೆಗೆ ಒರಗಿ ಕೂತಳು, ಅಳಲಿಲ್ಲ. ಬೆಳಗಿನಿಂದ ಬಾಯಿಗೆ ಏನೂ ಹಾಕಿಲ್ಲವೆಂದು ಯಾರೋ ಹೇಳಿದರು. ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗಳು ಚಹಾ ಒಯ್ದು ಅವಳ ಮುಂದೆ ಕೂತಳು.

"ಯಾರ ಮಗಳವ್ವಾ ನೀನು?"

ಮಗಳು ನನ್ನನ್ನು ತೋರಿಸಿದಳು. ಮುದುಕಿ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದಳು. ಚಹಾ ಕೆಳಗಿಟ್ಟಳು.

"ಆ ಹೊಲದಾಗಿನ ಕೂಸು ಇದೇನು?"

ನಾನು ತಲೆಯಾಡಿಸಿದೆ. ಅವಳು ಮಗಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಒಳ್ಳೆಯ ಬಟ್ಟೆ ನೋಡುವವರ ಹಾಗೆ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ನನ್ನ ಮಗ ಹೋದದ್ದಕ್ಕ ಅಕ್ಕೋರಿಗೆ ತಿಳೀತು. ಅಕ್ಕೋರಿಗೆ ತಿಳದಿದ್ದಕ್ಕ ಇಕಿ ಉಳದ್ಲು. ಹೌದಿಲ್ಲೋ ತಂಗಿ?"

ಅಷ್ಟು ವರ್ಷ ನಾನು ಅಕ್ಕೋರ ಋಣವೊಂದನ್ನೇ ಎಣಿಸುತ್ತ ಬಂದಿದ್ದೆ. ಅದು ಅಲ್ಲಿಗೇ ಮುಗಿಯುವುದಿಲ್ಲವೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವಳ ಮುಂದೆ ಕೂತು ಕಾಲು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಮಗಳ ತಲೆಯ ಮೇಲೆ ಕೈ ಇಟ್ಟುಕೊಂಡೇ, ಆರಿದ ಚಹಾವನ್ನು ಇನ್ನೊಂದು ಕೈಯಲ್ಲಿ ಎತ್ತಿ ಕುಡಿದಳು.